ದತ್ತು ಮನೆಯಲ್ಲೊಂದು ಓದುವ ಕೂಸು

ಮಾನ್ವಿ, ದೇವದುರ್ಗ, ಸಿರವಾರ ಕಡೆಯಿಂದ ಪಿಯು ವಿದ್ಯಾರ್ಥಿಗಳು ಬಂದಿದ್ದಾರೆ, ಹೊಲದ ಕೆಲಸ ಬಿಟ್ಟು ತಂದೆತಾಯಿಗಳು ಬಂದಿದ್ದಾರೆ, ಆಶಾ ಕಾರ್ಯಕರ್ತೆಯರು ಬಂದಿದ್ದಾರೆ, ಮೆಡಿಕಲ್ ಓದಬೇಕೆಂಬ ನಮ್ಮ ಭಾಗದ ಮಕ್ಕಳಿಗೆ ಜೊತೆಯಾಗಲು ಹೌಸ್‌ಸರ್ಜನ್ ಮಿತ್ರರು ಇವತ್ತಿನಿಂದ ಕೈಹಚ್ಚುತ್ತಿದ್ದಾರೆ.

ಈ ಸಮಾವೇಶಕ್ಕೆ ಅಧ್ಯಕ್ಷರಾಗಿ ಯಾರಾದರೂ ಡಾಕ್ಟರನ್ನೇ ಕರೆಯಬೇಕೆಂದು ಸಂಘಟಕರು ಬಹಳ ಹುಡುಕಿದರಂತೆ. ಸಿಗಲಿಲ್ಲವಂತೆ. ನಮ್ಮ ತಾಲೂಕಿನಲ್ಲಿ ಡಾಕ್ಟರು ಸಿಗದಿರುವುದು ಹೊಸ ಸುದ್ದಿಯೇನಲ್ಲ, ಹಾಗಾಗಿ ನಾನು ಬೇಸರ ಮಾಡಿಕೊಳ್ಳದೆ ಒಪ್ಪಿಕೊಂಡೆ. ನಾನು ಜೀವಶಾಸ್ತ್ರದ ಮೇಷ್ಟ್ರು. ಪಿಯು ಲ್ಯಾಬಿನಲ್ಲಿ ಕಪ್ಪೆ ಕೊಯ್ಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವನು, ಕಪ್ಪೆಯ ಬದಲು ಗೋಡೆಗೆ ಚಾರ್ಟ್ ತೂಗುಹಾಕುವ ಕಾಲದಲ್ಲಿ ನಿವೃತ್ತನಾದವನು. ಡಾಕ್ಟರ್ ಆಗಬೇಕೆಂದು ಬಂದು ಆಗದೇ ಹೋದ ಮಕ್ಕಳನ್ನು ನನ್ನಷ್ಟು ನೋಡಿದವರು ಈ ಪೆಂಡಾಲಿನಲ್ಲಿ ಕಡಿಮೆ. ಆ ಅನುಭವವೇ ನನ್ನ ಅರ್ಹತೆ.

ಒಂದು ದಿನದ ಮಾತು. ಪ್ರಥಮ ಪಿಯು ತರಗತಿ, ಜೂನ್ ತಿಂಗಳು. ಜೀರ್ಣಾಂಗಗಳ ಪಾಠ. ನಾನು ಬೋರ್ಡಿನ ಮೇಲೆ ಲಿವರ್ ಎಂದು ಇಂಗ್ಲಿಷಿನಲ್ಲಿ ಬರೆದು ಹತ್ತು ನಿಮಿಷ ಮಾತಾಡಿದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. 'ಸಾರ್, ಲಿವರ್ ಅಂದ್ರ ಯಕೃತ್ತು ಏನ್ರಿ?' ಹೌದಮ್ಮ ಎಂದೆ. ಪಕ್ಕದ ಹುಡುಗ ಸಣ್ಣ ದನಿಯಲ್ಲಿ ಅವಳಿಗೆ ಹೇಳಿದ್ದು ನನಗೂ ಕೇಳಿಸಿತು: 'ಕಲೀಜಿ ಬೇ, ಮಟನ್ ಅಂಗಡ್ಯಾಗ ಇರ್ತದಲ್ಲ.' ತರಗತಿಯೆಲ್ಲ ನಕ್ಕಿತು. ಆ ಹುಡುಗಿ ನಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದವಳು. ದ್ಯುತಿಸಂಶ್ಲೇಷಣೆ ಅಂದರೆ ನಿದ್ದೆಯಲ್ಲೂ ಹೇಳುತ್ತಾಳೆ, ಫೋಟೋಸಿಂಥೆಸಿಸ್ ಅಂದರೆ ಸುಮ್ಮನಾಗುತ್ತಾಳೆ. ಒಂದೇ ಅಂಗಕ್ಕೆ ಮನೆಯಲ್ಲೊಂದು ಹೆಸರು, ಹೈಸ್ಕೂಲಿನಲ್ಲೊಂದು, ಪಿಯುನಲ್ಲಿ ಮತ್ತೊಂದು. ಅವಳಿಗೆ ವಿಜ್ಞಾನ ಬರುತ್ತಿತ್ತು. ವಿಜ್ಞಾನವೇ ಊರು ಬಿಟ್ಟು ಹೋಗಿತ್ತು. ದೀಪಾವಳಿ ರಜೆಯ ಹೊತ್ತಿಗೆ ಅವಳು ಕಲಾ ವಿಭಾಗಕ್ಕೆ ವರ್ಗ ಮಾಡಿಸಿಕೊಂಡಿದ್ದಳು. ಅರ್ಜಿಯ ಮೇಲೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಆ ಸಹಿ ಇವತ್ತಿಗೂ ನನ್ನನ್ನು ಕಾಡುತ್ತದೆ.

ಭಾಷೆಯ ಈ ಕಂದಕ ಇಂದು ತೋಡಿದ್ದಲ್ಲ. ನಾವು ಇವತ್ತಿಗೂ ಆಸ್ಪತ್ರೆಗೆ ದವಾಖಾನಿ ಎನ್ನುತ್ತೇವಲ್ಲ, ಆ ಮಾತು ನಿಜಾಮರ ಕಾಲದ್ದು. ಹೈದರಾಬಾದಿನಲ್ಲಿ 1846ರಲ್ಲೇ ಮೆಡಿಕಲ್ ಸ್ಕೂಲ್ ಶುರುವಾಯಿತು. ಮೊದಮೊದಲು ಅಲ್ಲಿ ಪಾಠ ಉರ್ದುವಿನಲ್ಲಿ. 1885ರಲ್ಲಿ ಅಲ್ಲಿಗೆ ಹೆಣ್ಣುಮಕ್ಕಳೂ ಸೇರಿದರು. ಅವರಲ್ಲೊಬ್ಬರಾದ ರೂಪಾಬಾಯಿ ಫರ್ದೂನ್‌ಜಿ ಮುಂದೆ ಕ್ಲೋರೋಫಾರ್ಮ್ ಕೊಡುವುದರಲ್ಲಿ ಪಳಗಿದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಅವರನ್ನು ಕರೆಯುತ್ತಾರೆ. ಅಂಥ ದೊಡ್ಡ ಸಾಧನೆಯಾದ ಸಂಸ್ಥಾನದಲ್ಲೇ ನಮ್ಮ ರಾಯಚೂರೂ ಇತ್ತು. ಆದರೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಇದ್ದ ನಮ್ಮ ಹಳ್ಳಿಯ ಕೂಸಿಗೆ ಆ ಬಾಗಿಲು ಎಷ್ಟು ದೂರ ಇತ್ತೆಂದು ನೀವೇ ಲೆಕ್ಕ ಹಾಕಿ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಕನ್ನಡ ನಾಡಿಗೆ ಸೇರಿದೆವು. ಬಳ್ಳಾರಿಗೆ 1961ರಲ್ಲಿ, ಕಲಬುರಗಿಗೆ 1963ರಲ್ಲಿ ಮೆಡಿಕಲ್ ಕಾಲೇಜು ಬಂತು. ರಾಯಚೂರಿಗೆ ಸರ್ಕಾರಿ ಮೆಡಿಕಲ್ ಕಾಲೇಜು, ಅಂದರೆ ನಮ್ಮ ರಿಮ್ಸ್, ಬಂದದ್ದು 2007ರಲ್ಲಿ. ಹೈದರಾಬಾದಿನ ಸ್ಕೂಲ್ ಶುರುವಾಗಿ 161 ವರ್ಷವಾದ ಮೇಲೆ.

ಅದಕ್ಕೂ ಮೊದಲು, 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ಅದು ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. ಹತ್ತು ವರ್ಷದ ಹೋರಾಟ, ನಿಯೋಗ, ಬಂದ್ ಎಲ್ಲ ಆದ ಮೇಲೆ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ, ನಮ್ಮ ಭಾಗಕ್ಕೆ ವಿಶೇಷ ಸವಲತ್ತು ಕೊಡುವ 371(ಜೆ) ವಿಧಿ ಬಂತು. 2013ರ ಆದೇಶದಂತೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಸ್ಥಳೀಯರಿಗೆ. ಇದು ಸಣ್ಣ ಗೆಲುವಲ್ಲ. ಇವತ್ತು ಇಲ್ಲಿ ಬಿಳಿ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿರುವ ಎಷ್ಟೋ ಜನ ಆ ಬಾಗಿಲಿನಿಂದಲೇ ಒಳಗೆ ಬಂದವರು. ಅದನ್ನು ಹೇಳಲು ನಾಚಬೇಡಿ, ತಲೆ ಎತ್ತಿ ಹೇಳಿ.

ಆದರೆ ಸೀಟು ಬಂತು, ಸೀಟಿನ ತನಕ ಹೋಗುವ ದಾರಿ ಬರಲಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ.

371(ಜೆ) ಸಾಲಿನಲ್ಲಿ ಬಳ್ಳಾರಿ, ಕಲಬುರಗಿ ಶಹರದ ಡಾಕ್ಟರ ಮಗನೂ ನಿಲ್ಲುತ್ತಾನೆ, ಮೂಡುಬಿದಿರೆಯ ವಸತಿ ಕಾಲೇಜಿನಲ್ಲಿ ಲಕ್ಷಗಟ್ಟಲೆ ಕೊಟ್ಟು ಎರಡು ವರ್ಷ ಓದಿ ಬಂದವನೂ ನಿಲ್ಲುತ್ತಾನೆ, ದೇವದುರ್ಗದ ಹತ್ತಿ ಬಿಡಿಸುವ ಕೂಲಿಯ ಮಗಳೂ ನಿಲ್ಲುತ್ತಾಳೆ. ಸಾಲು ಒಂದೇ, ಹೊರಟ ಜಾಗ ಬೇರೆ. ಆ ಸಾಲಿನ ಮುಂದಿರುವುದು ನೀಟ್, ಮೆಡಿಕಲ್ ಪ್ರವೇಶ ಪರೀಕ್ಷೆ: ಮೂರು ತಾಸಿನಲ್ಲಿ 180 ಪ್ರಶ್ನೆ, 720 ಅಂಕ, ತಪ್ಪಿದರೆ ಒಂದು ಅಂಕ ಕಡಿತ. ನೀಟ್ ಅಂದರೆ ಜ್ಞಾನದಷ್ಟೇ ಅಭ್ಯಾಸದ ಪರೀಕ್ಷೆ. 2017ರಿಂದ ಅದನ್ನು ಕನ್ನಡದಲ್ಲೂ ಬರೆಯಬಹುದು. ಬರೆಯುವವರು ಬಹಳ ಕಡಿಮೆ. ಪಿಯು ವಿಜ್ಞಾನದ ಪಾಠವೆಲ್ಲ ಇಂಗ್ಲಿಷಿನಲ್ಲಿ ಮಾಡಿ ಕೊನೆಯ ದಿನ ಪ್ರಶ್ನೆಪತ್ರಿಕೆ ಮಾತ್ರ ಕನ್ನಡದಲ್ಲಿ ಕೊಟ್ಟರೆ ಯಾರು ಬರೆದಾರು?

ಗ್ರಾಮೀಣ ಮೀಸಲಾತಿ ಇದೆಯಲ್ಲ ಎನ್ನುತ್ತೀರಿ. ಇದೆ, ಶೇ 15. ಕನ್ನಡ ಮಾಧ್ಯಮದವರಿಗೆ ಶೇ 5 ಬೇರೆ. ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು, ಅದು ಷರತ್ತು. ನನ್ನ ಒಬ್ಬ ವಿದ್ಯಾರ್ಥಿಯ ಕತೆ ಕೇಳಿ. ಬರ ಬಿದ್ದ ವರ್ಷ ಅವನ ಮನೆಯವರು ಬೆಂಗಳೂರಿಗೆ ಗುಳೆ ಹೋದರು. ಕಟ್ಟಡದ ಕೆಲಸ, ಅಲ್ಲೇ ತಗಡಿನ ಶೆಡ್ಡು. ತಾಯಿ ಅಕ್ಷರ ಬಲ್ಲವಳಲ್ಲ, ಆದರೆ ಮಗನ ಓದು ನಿಲ್ಲಬಾರದೆಂದು ಪಕ್ಕದ ಸರ್ಕಾರಿ ಶಾಲೆಗೆ ಮೂರನೇ ಇಯತ್ತೆಗೆ ಸೇರಿಸಿದಳು. ಒಂದೇ ವರ್ಷ. ಮಳೆ ಬಂತು, ಊರಿಗೆ ಮರಳಿದರು. ಒಂಬತ್ತು ವರ್ಷದ ನಂತರ ದಾಖಲೆ ಪರಿಶೀಲನೆಯ ದಿನ ಆ ಒಂದು ವರ್ಷ ಅವನ ಗ್ರಾಮೀಣ ಮೀಸಲಾತಿಯನ್ನು ತಿಂದುಹಾಕಿತು. ಮಗನನ್ನು ಆ ವರ್ಷ ಶಾಲೆಗೆ ಕಳಿಸದೆ ಇಟ್ಟಿಗೆ ಹೊರಿಸಿದ್ದರೆ ನಿಯಮ ಅಷ್ಟು ಕಠಿಣವಾಗಿ ಹೊಡೆಯುತ್ತಿರಲಿಲ್ಲವೇನೋ. ಹಳ್ಳಿಯಲ್ಲಿ ಹೈಸ್ಕೂಲಿಲ್ಲವೆಂದು ಮಾನ್ವಿ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಓದಿದ ಹುಡುಗಿಯ ಪಾಡೂ ಇದೇ. ಹಳ್ಳಿಯ ಬಡತನ ಗೊತ್ತಿದ್ದವರು ಈ ನಿಯಮ ಬರೆದಂತೆ ನನಗೆ ಕಾಣುವುದಿಲ್ಲ. ಗುಳೆ ಹೋದ ಮಕ್ಕಳಿಗೆ ವಿನಾಯಿತಿ ಕೊಡಬೇಕೆಂದು ಈ ಸಮಾವೇಶ ನಿರ್ಣಯ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ನಾವು ನಿಂತಿರುವ ಊರಿನ ಬಗ್ಗೆಯೂ ಒಂದು ಮಾತು. ನೀರಮಾನ್ವಿ ಎಂದರೆ ಯಲ್ಲಮ್ಮನ ಜಾತ್ರೆ ಎಲ್ಲರಿಗೂ ನೆನಪಾಗುತ್ತದೆ. ದೇವಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು. ಕಾಯ್ದೆಗೆ ಮೊದಲೂ ಆಮೇಲೂ ಹಾಗೆ ದೇವಿಗೆ ಬಿಡಲಾದ ತಾಯಂದಿರ ಮಕ್ಕಳು ನನ್ನ ತರಗತಿಗಳಲ್ಲಿ ಕೂತಿದ್ದರು. ಅರ್ಜಿಯಲ್ಲಿ ತಂದೆಯ ಹೆಸರು ಎಂಬ ಕಾಲಂ ಬಂದಾಗ ಪೆನ್ನು ಹಿಡಿದು ಕೂತುಬಿಡುತ್ತಿದ್ದರು. ಎಲ್ಲ ಬಗೆಯ ಮಕ್ಕಳೂ ಮೆಡಿಕಲ್ ಕಾಲೇಜಿನೊಳಗೆ ಬರಲಿ ಎಂದು ನಾವು ಭಾಷಣ ಮಾಡುತ್ತೇವೆ. ಆ ಕಾಲಮ್ಮಿನ ಮುಂದೆ ಅವರ ಪಕ್ಕದಲ್ಲಿ ಕೂರಲು ಒಬ್ಬರಾದರೂ ಬೇಕು.

ಬೇರೆಯವರು ಏನು ಮಾಡಿದರು ನೋಡೋಣ. ತಮಿಳುನಾಡು 2020ರಲ್ಲಿ ಒಂದು ಕಾನೂನು ಮಾಡಿತು. ಆರರಿಂದ ಹನ್ನೆರಡನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ಶೇ 7.5 ಸೀಟು. ಮೊದಲ ವರ್ಷವೇ 300ಕ್ಕೂ ಹೆಚ್ಚು ಸರ್ಕಾರಿ ಶಾಲೆಯ ಮಕ್ಕಳು ಎಂಬಿಬಿಎಸ್ ಸೇರಿದರು. ನಮ್ಮ ಸರ್ಕಾರ ಇದನ್ನು ಕಣ್ಣು ಬಿಟ್ಟು ನೋಡಬೇಕು. ಅಮೆರಿಕದ್ದು ಬೇರೆ ಕತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಮೆಡಿಕಲ್ ಸ್ಕೂಲ್ 100 ಸೀಟಿನಲ್ಲಿ 16 ಸೀಟನ್ನು ಹಿಂದುಳಿದವರಿಗೆ ಕಾದಿರಿಸಿತ್ತು, 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಆಮೇಲೆ ಅಮೆರಿಕದವರು ತಯಾರಿಗೆ ಕೈಹಾಕಿದರು. ಕಪ್ಪು ಜನರ, ವಲಸಿಗರ, ಬಡವರ ಮಕ್ಕಳನ್ನು ಬೇಸಿಗೆಯಲ್ಲಿ ಆರು ವಾರ ಮೆಡಿಕಲ್ ಸ್ಕೂಲಿಗೇ ಕರೆಸಿ ಓದಿಸುವ ಕಾರ್ಯಕ್ರಮ ಎಂಬತ್ತರ ದಶಕದ ಕೊನೆಯಲ್ಲಿ ಶುರುವಾಗಿ ಬೇರೆ ಬೇರೆ ಹೆಸರಿನಲ್ಲಿ ದಶಕಗಳ ಕಾಲ ನಡೆಯಿತು. ಅವರಿಗೆ ಸೀಟು ಕಾದಿರಿಸುವಂತಿಲ್ಲ, ಅದಕ್ಕೇ ದಾರಿ ಮಾಡಿದರು. ನಮಗೆ ಸೀಟು ಇದೆ, ಅದಕ್ಕೇ ದಾರಿ ಮರೆತೆವು. ಕಹಿಯಾದರೂ ನನಗೆ ಹಾಗೆಯೇ ಅನ್ನಿಸುತ್ತದೆ.

ಈಗ ಹೌಸ್‌ಸರ್ಜನ್ ಮಿತ್ರರಿಗೆ ನೇರವಾಗಿ ಹೇಳುತ್ತೇನೆ. ನಿಮ್ಮ ಒಂದು ವರ್ಷದ ಇಂಟರ್ನ್‌ಶಿಪ್ಪಿನಲ್ಲಿ 12 ವಾರ ಸಮುದಾಯ ವೈದ್ಯಕೀಯಕ್ಕೆ ಮೀಸಲು. ನಿಮ್ಮ ಹಿಂದೆ ಬರುತ್ತಿರುವ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಹಳ್ಳಿಯ ಮೂರರಿಂದ ಐದು ಕುಟುಂಬಗಳನ್ನು ದತ್ತು ಕೊಡುತ್ತದೆ. ನೀವೂ ಅಂಥ ಮನೆಗಳಿಗೆ ಹೋಗುತ್ತೀರಿ, ಬಿಪಿ ನೋಡುತ್ತೀರಿ, ಹಿಮೋಗ್ಲೋಬಿನ್ ಬರೆದುಕೊಳ್ಳುತ್ತೀರಿ, ಲಾಗ್‌ಬುಕ್ಕಿಗೆ ಸಹಿ ಹಾಕಿಸುತ್ತೀರಿ. ಅದೇ ಮನೆಯ ಪಡಸಾಲೆಯಲ್ಲಿ ಒಂದು ಕೂಸು ಓದುತ್ತಾ ಕೂತಿರುತ್ತದೆ, ಎಂಟನೆಯದೋ ಹತ್ತನೆಯದೋ. ಅದರ ಹೆಸರಿಗೆ ನಿಮ್ಮ ಲಾಗ್‌ಬುಕ್ಕಿನಲ್ಲಿ ಕಾಲಂ ಇಲ್ಲ. ಆ ಕಾಲಮ್ಮನ್ನು ನೀವೇ ಗೆರೆ ಎಳೆದು ಮಾಡಿಕೊಳ್ಳಿ.

ದೊಡ್ಡ ಕೆಲಸವೇನೂ ಬೇಡ. ಎಸ್ಸೆಸ್ಸೆಲ್ಸಿ ಮುಗಿದು ಪಿಯು ಶುರುವಾಗುವ ಮಧ್ಯೆ ಎರಡು ತಿಂಗಳ ಬೇಸಿಗೆ ಇರುತ್ತದೆ. ಆ ಹೊತ್ತಿನಲ್ಲಿ ಯಕೃತ್ತಿಗೆ ಲಿವರ್, ಕೋಶಕೇಂದ್ರಕ್ಕೆ ನ್ಯೂಕ್ಲಿಯಸ್ ಎಂದು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಸಿ. ಅದನ್ನು ನನ್ನಂಥ ಮೇಷ್ಟ್ರೂ ಮಾಡಬಹುದಿತ್ತು, ಮಾಡಲಿಲ್ಲ. 371(ಜೆ) ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಸಹಿ ಬೇಕೆಂದು ಫಲಿತಾಂಶ ಬಂದ ಮೇಲೆ ಓಡಾಡುವ ತಂದೆಯರಿದ್ದಾರೆ, ವರ್ಷ ಮೊದಲೇ ಮಾಡಿಸಿಡಿ ಎಂದು ಹೇಳಿ. ಹೆಣ್ಣುಮಕ್ಕಳ ವಿಷಯದಲ್ಲಿ ಲೇಡಿ ಹೌಸ್‌ಸರ್ಜನ್‌ಗಳ ಮಾತಿಗೆ ಇರುವ ತೂಕ ಬೇರೆ ಯಾರ ಮಾತಿಗೂ ಇಲ್ಲ. ರಾಯಚೂರಿನ ಹಾಸ್ಟೆಲಿಗೆ ಮಗಳನ್ನು ಕಳಿಸಲು ಒಲ್ಲೆನೆನ್ನುವ ತಾಯಿಯ ಎದುರು, ಅದೇ ಹಾಸ್ಟೆಲಿನಲ್ಲಿದ್ದು ಓದಿದ ನೀವು ಕೊರಳಲ್ಲಿ ಸ್ಟೆತಸ್ಕೋಪ್ ಹಾಕಿಕೊಂಡು ಒಂದು ಕಪ್ ಚಹಾ ಕುಡಿದು ಬಂದರೆ ಸಾಕು, ಅರ್ಧ ಕೆಲಸ ಆದಂತೆ. ಮತ್ತು ದಯವಿಟ್ಟು ನೀವು ಸೋತದ್ದನ್ನೂ ಹೇಳಿ. ಎರಡನೇ ಸಲ, ಮೂರನೇ ಸಲ ನೀಟ್ ಬರೆದವರು ನಿಮ್ಮಲ್ಲೂ ಇದ್ದೀರಿ. ಸೀಟು ಸಿಗದಿದ್ದರೆ ನರ್ಸಿಂಗ್ ಇದೆ, ಪ್ಯಾರಾಮೆಡಿಕಲ್ ಇದೆ, ಬದುಕು ಇದೆ ಎಂಬುದನ್ನೂ ಹೇಳಿ. ಸುಳ್ಳು ಆಸೆ ಹಚ್ಚಿ ಹೋಗುವವರು ನಮ್ಮಲ್ಲಿ ಈಗಾಗಲೇ ಸಾಕಷ್ಟು ಇದ್ದಾರೆ.

ನಿಮಗೆ ರಾತ್ರಿ ಪಾಳಿ ಇದೆ, ಬ್ಯಾಗಿನಲ್ಲಿ ಪಿಜಿ ನೀಟಿನ ಪುಸ್ತಕ ಇದೆ, ಗೊತ್ತು. ತಿಂಗಳಿಗೆ ಎರಡು ಭಾನುವಾರ ಕೇಳುತ್ತಿದ್ದೇನೆ, ಅಷ್ಟೇ. ಇದರಿಂದ ಯಾರಿಗೆ ಲಾಭ ಎಂದರೆ ನಮಗೇ. ಹಳ್ಳಿಯಿಂದ ಬಂದ ವಿದ್ಯಾರ್ಥಿ ಹಳ್ಳಿಗೆ ಮರಳಿ ದುಡಿಯುವ ಸಂಭವ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ನಮ್ಮ ಅಜ್ಜಿಯರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಆ ಪೆಂಡಾಲಿನಲ್ಲಿ ನಾನೂ ಕೂತಿದ್ದೇನೆ, ಮತ್ತೆ ಕರೆದರೆ ಮತ್ತೆ ಕೂರುತ್ತೇನೆ. ಏಮ್ಸ್ ಬರಲೇಬೇಕು. ಬಂದ ದಿನ ಅದರ ಮೊದಲ ಬೆಂಚಿನಲ್ಲಿ ನೀರಮಾನ್ವಿಯ, ಕವಿತಾಳದ, ಗಬ್ಬೂರಿನ ಕೂಸು ಕೂರಬೇಕೋ ಬೇಡವೋ ಎಂಬ ಪ್ರಶ್ನೆಗೆ ಮಾತ್ರ ದೆಹಲಿಯಿಂದ ಉತ್ತರ ಬರುವುದಿಲ್ಲ.

ನನ್ನ ಮಾತು ಉದ್ದವಾಯಿತು, ರೊಟ್ಟಿ ಪುಂಡಿಪಲ್ಯ ಆರುತ್ತಿದೆ ಎಂದು ಸಂಘಟಕರು ಎರಡು ಸಲ ಚೀಟಿ ಕಳಿಸಿದ್ದಾರೆ. ಪೆಂಡಾಲಿನ ಹಿಂದಿನ ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರ್ ಇಟ್ಟಿದ್ದೇವೆ. ಎಡಗಡೆ ಇವತ್ತು ಬಂದಿರುವ ಎಲ್ಲ ಮಕ್ಕಳ ಹೆಸರು, ಊರು, ತರಗತಿ ಬರೆದಾಗಿದೆ. ಬಲಗಡೆಯ ಕಾಲಂ ಖಾಲಿ ಇದೆ. ಹೌಸ್‌ಸರ್ಜನ್ ಮಿತ್ರರು ಊಟದ ತಟ್ಟೆ ಹಿಡಿಯುವ ಮೊದಲು ಒಂದೊಂದು ಹೆಸರಿನ ಎದುರು ತಮ್ಮ ಹೆಸರು, ಮೊಬೈಲ್ ನಂಬರ್ ಬರೆದು ಹೋಗಬೇಕು.