ಹೆಸರಿನ ಹಿಂದಿನ ಹೆಸರು

ಪತ್ರಿಕೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರಗಳಲ್ಲಿ, ಮುದ್ರಕರ ಮತ್ತು ಪ್ರಕಾಶಕರ ಹೆಸರು ಅಚ್ಚಾಗಿರುವುದನ್ನು ತಾವೆಲ್ಲರೂ ಕಂಡಿದ್ದೀರಿ. ನಮ್ಮ ದೇಶದಲ್ಲಿ ಇದನ್ನು ಕಡ್ಡಾಯಗೊಳಿಸಿದ್ದು 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯಿದೆ. ಆದರೆ ಒಳಪುಟದ ಲೇಖಕನು ಕಾವ್ಯನಾಮದಿಂದ ಬರೆಯುವುದಕ್ಕೆ ಆ ಕಾಯಿದೆ ಅಡ್ಡಬರಲಿಲ್ಲ. ಮಾಸ್ತಿಯವರು ‘ಶ್ರೀನಿವಾಸ’ರಾಗಿಯೇ ಕತೆ ಬರೆದರು. ಬರೆದವನಿಗೆ ಮರೆ, ಹೊರತಂದವನಿಗೆ ಹೊಣೆ; ಎರಡಕ್ಕೂ ಒಂದೇ ಹಾಳೆಯಲ್ಲಿ ಎಡೆಯಿತ್ತು.

ಇದೇ ಪ್ರಶ್ನೆ ಇಂದು ಅಂತರಜಾಲದಲ್ಲಿ ಮತ್ತೆ ತಲೆಯೆತ್ತಿದೆ. ಅಲ್ಲಿ ತಾಣವೊಂದನ್ನು ತೆರೆಯುವವರು ಅದಕ್ಕೊಂದು ಹೆಸರನ್ನು, ಅಂದರೆ ಡೊಮೈನನ್ನು, ವರ್ಷಗಳ ಲೆಕ್ಕದಲ್ಲಿ ಶುಲ್ಕ ತೆತ್ತು ನೋಂದಾಯಿಸಿಕೊಳ್ಳಬೇಕು. ಆ ಹೆಸರಿನ ಹಿಂದಿರುವ ಮನುಷ್ಯ ಯಾರೆಂಬುದು ಎಲ್ಲರಿಗೂ ತಿಳಿದಿರಬೇಕೇ? ಇದು ಇಂದಿನ ವಿಚಾರ.

1982ರಲ್ಲಿ ಅಮೆರಿಕದ ಸಂಶೋಧಕರ ಜಾಲವೊಂದಕ್ಕಾಗಿ ‘ಹೂಈಸ್’ ಎಂಬ ವ್ಯವಸ್ಥೆಯ ನಿಯಮಗಳನ್ನು ಬರೆದಿಟ್ಟರು. ‘ಯಾರಿವರು’ ಎಂದು ಕೇಳಿದರೆ ಬಳಕೆದಾರರ ಹೆಸರು, ವಿಳಾಸ, ದೂರವಾಣಿಗಳನ್ನು ಅದು ತಿಳಿಸುತ್ತಿತ್ತು. ಒಬ್ಬರನ್ನೊಬ್ಬರು ಬಲ್ಲ ಸಣ್ಣ ಸಮುದಾಯಕ್ಕೆ ಅದು ಒಪ್ಪುವ ಏರ್ಪಾಡು. ಮುಂದೆ ಜಾಲವು ಜಗತ್ತನ್ನೇ ಆವರಿಸಿತು. ಡೊಮೈನ್ ಪಡೆದವರ ವಿವರಗಳು ಮಾತ್ರ ಅದೇ ರೀತಿಯಲ್ಲಿ ಬೀದಿಯಲ್ಲಿ ತೆರೆದುಕೊಂಡೇ ಇದ್ದವು. ಜಾಹೀರಾತಿನವರು ಅವನ್ನು ಬಾಚಿಕೊಂಡರು. ಅಧಿಕಾರಸ್ಥರ ತಪ್ಪನ್ನು ಬರೆದವನ ಮನೆಯ ಬಾಗಿಲಿಗೂ, ಹಿಂಸೆಯಿಂದ ತಪ್ಪಿಸಿಕೊಂಡು ಬಂದು ತನ್ನ ಕಥೆಯನ್ನು ಹೇಳಿಕೊಂಡ ಹೆಣ್ಣುಮಗಳ ಬಾಗಿಲಿಗೂ ಅದು ದಾರಿ ತೋರಿಸಬಲ್ಲದಾಗಿತ್ತು. ಕಳ್ಳನಾದರೋ ಸುಳ್ಳು ವಿಳಾಸ ಬರೆಸಿ ನಿಶ್ಚಿಂತನಾಗಿರುತ್ತಿದ್ದ. ಹೀಗೆ, ಬಹಿರಂಗದ ಭಾರವೆಲ್ಲ ನಿಜ ನುಡಿದವನ ಮೇಲೆಯೇ ಬಿದ್ದಿತು.

2018ರ ಮೇ 25ರಂದು ಯೂರೋಪ್ ಒಕ್ಕೂಟದ ಮಾಹಿತಿ ರಕ್ಷಣಾ ಕಾನೂನು ಜಾರಿಗೆ ಬಂತು. ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ಸಮನ್ವಯಗೊಳಿಸುವ ‘ಐಕ್ಯಾನ್’ ಸಂಸ್ಥೆಯು ಅದೇ ತಿಂಗಳು ತಾತ್ಕಾಲಿಕ ನಿಯಮವೊಂದನ್ನು ತಂದಿತು. ನೋಂದಣಿದಾರರ ವಿವರಗಳ ಬಹುಭಾಗಕ್ಕೆ ತೆರೆ ಬಿತ್ತು. ಈಗ ಇನ್ನೊಂದು ಪಂಗಡದ ಅಳಲು ಕೇಳಿಬಂತು. ಬ್ಯಾಂಕಿನ ವೇಷ ತೊಟ್ಟ ನಕಲಿ ತಾಣದಲ್ಲಿ ಹಣ ಕಳೆದುಕೊಂಡವನು ಯಾರನ್ನು ಹಿಡಿಯಬೇಕು? ಅಪರಾಧ ಶೋಧಕರು ಒಂದು ಸುಳ್ಳು ತಾಣದಿಂದ ಅದರ ಸೋದರ ತಾಣಗಳನ್ನು ಪತ್ತೆಹಚ್ಚಲು ಬಳಸುತ್ತಿದ್ದ ಎಳೆಯೇ ಕಡಿದಂತಾಯಿತು. 2023ರ ನವೆಂಬರಿನಲ್ಲಿ, ಕಾರಣ ತಿಳಿಸಿ ವಿವರ ಕೋರುವುದಕ್ಕೆ ಐಕ್ಯಾನ್ ಒಂದು ಪ್ರಾಯೋಗಿಕ ಕಿಂಡಿಯನ್ನು ತೆರೆಯಿತು. ಆದರೆ ಕೊಡುವುದೂ ಬಿಡುವುದೂ ನೋಂದಣಿ ಮಾಡಿದ ಸಂಸ್ಥೆಯ ವಿವೇಚನೆಗೇ ಉಳಿಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಯೂರೋಪಿನ ಕಾನೂನು ಕಾಪಾಡುವುದು ಮನುಷ್ಯ ವ್ಯಕ್ತಿಯನ್ನು, ವ್ಯಾಪಾರಿ ಕಂಪನಿಯನ್ನಲ್ಲ. ಆದರೂ ಇಬ್ಬರನ್ನೂ ಬೇರ್ಪಡಿಸುವ ಶ್ರಮವನ್ನು ವಹಿಸದೆ, ಅನೇಕ ನೋಂದಣಿ ಸಂಸ್ಥೆಗಳು ಎಲ್ಲರ ಮೇಲೂ ಒಂದೇ ಕಂಬಳಿ ಹೊದಿಸಿದವು. ಬಡ ಬರಹಗಾರನಿಗೆ ಬೇಕಾಗಿದ್ದ ಮರೆಯನ್ನು ಅಂಗಡಿಯವನೂ ಪುಕ್ಕಟೆಯಾಗಿ ಪಡೆದ.

ನನ್ನ ಅಭಿಪ್ರಾಯ ಇಷ್ಟು. ಹಣ ಪಡೆದು ಸರಕು ಮಾರುವವನು ತನ್ನ ಹೆಸರಿನ ಹಲಗೆಯನ್ನು ಬಾಗಿಲಿಗೆ ತೂಗುಹಾಕಲಿ. ಮಾತನ್ನಷ್ಟೇ ಆಡುವವನಿಗೆ ತೆರೆಯಿರಲಿ. ಆದರೆ ತೆರೆಯ ಹಿಂದೆ ಪರಿಶೀಲಿಸಿದ, ನಿಜವಾದ ಹೆಸರಿರಲಿ. ಆ ತೆರೆಯನ್ನು ಸರಿಸಬೇಕಾದಾಗ ಕೇಳುವವನು ತನ್ನ ಹೆಸರನ್ನೂ ಕಾರಣವನ್ನೂ ಬರವಣಿಗೆಯಲ್ಲಿ ಕೊಡಲಿ. ಸರಕಾರವೇ ಕೇಳಿದರೂ ನ್ಯಾಯಾಲಯದ ಕಣ್ಣು ಅದರ ಮೇಲಿರಲಿ. ಹೊಣೆಗಾರಿಕೆಯೆಂಬುದು ಮರೆಯಲ್ಲಿರುವವನಿಗೆ ಮಾತ್ರ ಸಲ್ಲುವ ಧರ್ಮವಲ್ಲ. ಮರೆಯನ್ನು ತೆಗೆಯಹೊರಟವನಿಗೂ ಅದು ಸಲ್ಲುತ್ತದೆ.