ಕಣ್ಣಿಗೆ ಬಿದ್ದದ್ದೆಲ್ಲ ಕಂಡಂತಲ್ಲ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



"ಈ ಹುಡುಗನಿಗೆ ಗಮನವೇ ಇಲ್ಲ" ಎಂದು ಶಿಕ್ಷಕರಾದ ನಾವೂ ಹೇಳುತ್ತೇವೆ, ಪೋಷಕರಾದ ನೀವೂ ಹೇಳುತ್ತೀರಿ. ಹಾಗಾದರೆ ಗಮನ ಎಂದರೇನು? ಮನಶ್ಶಾಸ್ತ್ರದಲ್ಲಿ ಇದನ್ನು ಅವಧಾನ ಎನ್ನುತ್ತಾರೆ. ಅನೇಕ ವಿಷಯಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದವನ್ನು ಬಿಡುವುದೇ ಅವಧಾನ.

1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ವೀಡಿಯೋದಲ್ಲಿ ಆಟಗಾರರು ಎಷ್ಟು ಸಲ ಚೆಂಡನ್ನು ದಾಟಿಸುತ್ತಾರೆಂದು ಎಣಿಸಲು ನೋಡುಗರಿಗೆ ಹೇಳಿದ್ದರು. ನಡುವೆ ಗೊರಿಲ್ಲಾ ವೇಷದ ವ್ಯಕ್ತಿ ಹಾದುಹೋದರೂ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಲೇ ಇಲ್ಲ! ಅವರು ಅಲಕ್ಷ್ಯ ಮಾಡಿದವರಲ್ಲ, ಎಣಿಕೆಯಲ್ಲಿ ಮಗ್ನರಾಗಿದ್ದವರು.

ಇನ್ನು ಕಣ್ಣು ಕಿವಿಗಳಿಗೆ ತಾಗುವುದು ಸಂವೇದನೆ. ಅದಕ್ಕೆ ಮನಸ್ಸು ಅರ್ಥ ಕೊಡುವುದು ಗ್ರಹಿಕೆ. ಉರ್ದುವಿನ ಬೇ, ಪೇ, ತೇ ಅಕ್ಷರಗಳ ಆಕಾರ ಒಂದೇ, ಚುಕ್ಕೆಗಳು ಮಾತ್ರ ಬೇರೆ. ಕಲಿತವನು ನೋಡಿದೊಡನೆ ಓದುತ್ತಾನೆ. ಕಲಿಯದವನ ಕಣ್ಣಿಗೂ ಅದೇ ಗೆರೆ ಬೀಳುತ್ತದೆ, ಆದರೆ ಅದು ಅಕ್ಷರವಾಗುವುದಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆಯೇ ಬಸ್ರಾದಲ್ಲಿ ಹುಟ್ಟಿದ ವಿಜ್ಞಾನಿ ಇಬ್ನುಲ್ ಹೈಸಮ್ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ, ನೋಡುವುದರಲ್ಲಿ ಕಣ್ಣಿನೊಂದಿಗೆ ನೆನಪು, ಹೋಲಿಕೆ ಮತ್ತು ತೀರ್ಮಾನಗಳೂ ಸೇರಿವೆಯೆಂದು ವಿವರಿಸಿದ್ದರು.

ಬಿ.ಎಡ್.ನಲ್ಲಿ ಇದನ್ನೆಲ್ಲ ಬರೆದು ಅಂಕ ಪಡೆದ ನಾನು ತರಗತಿಯಲ್ಲಿ ಮರೆತಿದ್ದೆ. ನಾಲ್ಕನೇ ತರಗತಿಯ ಒಬ್ಬ ಹುಡುಗ ಬೋರ್ಡಿನ ಮೇಲಿನ 'ಪ'ವನ್ನು 'ವ' ಎಂದೇ ಬರೆದುಕೊಳ್ಳುತ್ತಿದ್ದ. "ಗಮನ ಕೊಡು" ಎಂದು ಮೂರು ತಿಂಗಳು ಗದರಿಸಿದೆ. ಒಂದು ದಿನ ಜಾಗವಿಲ್ಲದೆ ಅವನು ಮುಂದಿನ ಸಾಲಿನಲ್ಲಿ ಕುಳಿತ. ಅಂದು ಒಂದು ತಪ್ಪೂ ಇರಲಿಲ್ಲ. ಪರೀಕ್ಷೆ ಮಾಡಿಸಿದಾಗ ದೃಷ್ಟಿದೋಷವೆಂದು ತಿಳಿಯಿತು, ಕನ್ನಡಕ ಬಂತು. ಅವನು ಸೋಮಾರಿ ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ಆದ್ದರಿಂದ ಅವನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದುದು ನನಗೆ ಕಾಣಲಿಲ್ಲ. ಅಂದರೆ ಗಮನ ತಪ್ಪಿದ್ದು ಅವನದಲ್ಲ, ನನ್ನದು.

ವಿದ್ಯಾರ್ಥಿಗಳೇ, ಓದುವಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಮನಸ್ಸು ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡುತ್ತದೆ. ಬೋರ್ಡು ಕಾಣದಿದ್ದರೆ ನಾಚದೆ ಹೇಳಿ. ಪೋಷಕರೇ, ಶಿಕ್ಷಕ ಬಂಧುಗಳೇ, ಮಗುವನ್ನು ಗದರಿಸುವ ಮೊದಲು "ನಿನಗೆ ಏನು ಕಾಣಿಸಿತು, ಏನು ಕೇಳಿಸಿತು?" ಎಂದು ಒಮ್ಮೆ ಕೇಳೋಣ. ಆ ಪ್ರಶ್ನೆಯನ್ನು ನಾನು ಮೂರು ತಿಂಗಳು ತಡವಾಗಿ ಕೇಳಿದೆ. ನೀವು ತಡಮಾಡಬೇಡಿ.