ಲೋಟ ಬೇರೆ ಇಟ್ಟರೆ ಏಡ್ಸ್ ನಿಲ್ಲುವುದಿಲ್ಲ
(ಗಂಜಾಂನ ಕೇರಿ ಸಭೆಯಲ್ಲಿ ಆಡಿದ ಮಾತು)



ಇವತ್ತಿನ ಮಾತಿಗೆ ಕೆಲವರು ತಲೆ ತಗ್ಗಿಸಬಹುದು. ತಗ್ಗಿಸಬೇಡಿ. ನಾಚಿಕೆಯಿಂದ ಯಾರ ಜೀವವೂ ಉಳಿದಿಲ್ಲ.

1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಈ ದೇಶದಲ್ಲಿ ಎಚ್.ಐ.ವಿ. ಇರುವುದನ್ನು ಮೊದಲು ಪತ್ತೆ ಮಾಡಿದರು. ಇಷ್ಟು ವರ್ಷವಾದರೂ ಸೋಂಕಿತರ ಲೋಟ, ತಟ್ಟೆ ಬೇರೆ ಇಡುವ ಮನೆಗಳಿವೆ. ಬೇರೆ ಲೋಟ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೋಟೆಲಿನ ಸೂರಿಗೆ ಸಿಕ್ಕಿಸಿದ ಲೋಟದಲ್ಲಿ ಟೀ ಕುಡಿದು, ತಾವೇ ತೊಳೆದಿಟ್ಟು ಬಂದವರ ಮಕ್ಕಳು ನಾವು. ಆ ಲೋಟವನ್ನು ನಮ್ಮ ಕೇರಿಯೊಳಕ್ಕೆ ನಾವೇ ತರಬೇಕಾ?

ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ನಲ್ಲಿಯ ನೀರು ಹಿಡಿದರೆ, ಸೊಳ್ಳೆ ಕಚ್ಚಿದರೆ ಎಚ್.ಐ.ವಿ. ಬರುವುದಿಲ್ಲ. ಬರುವುದು ನಾಲ್ಕು ದಾರಿಯಲ್ಲಿ: ನಿರೋಧ್ ಇಲ್ಲದ ಸಂಭೋಗ, ಪರೀಕ್ಷೆ ಮಾಡದ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ, ಸೋಂಕಿರುವ ತಾಯಿಯಿಂದ ಮಗುವಿಗೆ. ಸಂಭೋಗದಲ್ಲೂ ಅಪಾಯ ಒಂದೇ ಸಮ ಇಲ್ಲ. ಗುದದ್ವಾರದಲ್ಲಿ ಮಾಡುವುದರಿಂದ ಅಪಾಯ ಅತಿ ಹೆಚ್ಚು, ಬಾಯಿಂದ ಬಹಳ ಕಡಿಮೆ. ಗುಪ್ತಾಂಗದಲ್ಲಿ ಹುಣ್ಣಿದ್ದರೆ ಅಪಾಯ ಇನ್ನೂ ಏರುತ್ತದೆ. ಹುಣ್ಣನ್ನು ಮುಚ್ಚಿಡದೆ ಆಸ್ಪತ್ರೆಗೆ ತೋರಿಸಿ.

'ನನಗೆ ಮಕ್ಕಳಾಗದ ಆಪರೇಷನ್ ಆಗಿದೆ, ನಿರೋಧ್ ಯಾಕೆ?' ಅನ್ನುವ ಅಕ್ಕಂದಿರಿದ್ದಾರೆ. ಅವ್ವಾ, ಆಪರೇಷನ್ ಬಸಿರು ತಡೆಯುತ್ತದೆ, ರೋಗ ತಡೆಯುವುದಿಲ್ಲ. ಆದರೆ ನಿರೋಧ್ ಹಾಕಿಕೋ ಅಂದರೆ 'ನನ್ನ ಮೇಲೇ ಅನುಮಾನವಾ?' ಅಂತ ಕೈ ಎತ್ತುವ ಗಂಡನ ಮುಂದೆ ಆಕೆ ಏನು ಮಾಡಿಯಾಳು? ಅದಕ್ಕೇ ಈ ಮಾತು ಗಂಡಸರಿಗೆ. ಪ್ರತಿ ಸಲವೂ ಹೊಸದು ಹಾಕಿ. ತಾರೀಕು ನೋಡಿ. ಹಲ್ಲಿನಿಂದ ಕೀಳಬೇಡಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ರಬ್ಬರು ಹರಿಯುತ್ತದೆ. ಒಂದರ ಮೇಲೊಂದು ಹಾಕಬೇಡಿ.

ಮೈಸೂರು ದೂರವೇನಲ್ಲ. ಅಲ್ಲಿ ಲೈಂಗಿಕ ವೃತ್ತಿಯವರೇ ಆಶೋದಯ ಸಮಿತಿ ಕಟ್ಟಿಕೊಂಡು, ತಮ್ಮವರಿಗೆ ತಾವೇ ತಿಳಿವಳಿಕೆ ಕೊಟ್ಟರು. ಊರು ಹೀನಾಯ ಮಾಡಿದ ಹೆಂಗಸರು ಗಿರಾಕಿಯ ಮುಂದೆ 'ನಿರೋಧ್ ಇಲ್ಲದಿದ್ದರೆ ಇಲ್ಲ' ಅನ್ನುವಾಗ, ಮನೆಯೊಳಗಿನ ಗಂಡಸಿಗೆ ಯಾಕೆ ಆಗದು?

ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಪುಕ್ಕಟೆ. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಗೆ ಕಾಣದೇ ಇರಬಹುದು, ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಿ. ಬಲಾತ್ಕಾರವಾದರೆ, ಬಳಸಿದ ಸೂಜಿ ಚುಚ್ಚಿದರೆ 72 ಗಂಟೆ ಮೀರುವ ಮೊದಲೇ ಆಸ್ಪತ್ರೆಗೆ ಓಡಿ, ತಡೆಯುವ ಮಾತ್ರೆ ಇದೆ. 2004ರಿಂದ ಸರ್ಕಾರ ಎ.ಆರ್.ಟಿ. ಮಾತ್ರೆ ಪುಕ್ಕಟೆ ಕೊಡುತ್ತಿದೆ. ದಿನಾ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ನಿಂತರೆ, ಅವರಿಂದ ಸಂಭೋಗದಲ್ಲಿ ಸೋಂಕು ಹರಡುವುದಿಲ್ಲ. ಬಸುರಿ ಮಾತ್ರೆ ತೆಗೆದುಕೊಂಡರೆ ಮಗುವಿಗೆ ತಗುಲುವ ಅಪಾಯ ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಯುತ್ತದೆ.

2017ರ ಕಾಯಿದೆಯ ಪ್ರಕಾರ ಸೋಂಕಿದೆ ಅಂತ ಕೆಲಸದಿಂದ, ಶಾಲೆಯಿಂದ, ಆಸ್ಪತ್ರೆಯಿಂದ ಭೇದ ಮಾಡಿ ಹೊರಗಿಡುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಸಂಶಯವಿದ್ದರೆ 1097ಕ್ಕೆ ಫೋನು ಮಾಡಿ, ಕಾಸಿಲ್ಲ.

ಸೋಂಕಿನ ಮೈಯನ್ನು ಮುಟ್ಟಿ, ಪಕ್ಕದಲ್ಲಿ ಕೂತು ಉಣ್ಣಿ. ದೂರ ಇಡಬೇಕಾದದ್ದು ವೈರಸ್ಸನ್ನು, ಮನುಷ್ಯನನ್ನಲ್ಲ.